ನರ್ಸ್ ಆಗಿದ್ದವರು ಹೆರಿಗೆ ಕೆಲಸ ಕಲಿಯಲು ಲಂಡನ್‌ಗೆ ಯಾಕೆ ಹೋದರು?

ಅಮೆರಿಕದ ನರ್ಸ್ ಮೇರಿ ಬ್ರೆಕಿನ್‌ರಿಜ್ ಬಗ್ಗೆ ಕೇಳಿದ್ದೀರಲ್ವಾ, 1910ರಲ್ಲೇ ನ್ಯೂಯಾರ್ಕಿನಲ್ಲಿ ನರ್ಸಿಂಗ್ ಮುಗಿಸಿದವರು ಮತ್ತೆ ಲಂಡನ್‌ಗೆ ಯಾಕೆ ಹೋದರು ಅಂತ. ನರ್ಸ್‌ಗಳಿಗೆ ಸೂಲಗಿತ್ತಿ ಕೆಲಸ ಕಲಿಸುವ ಶಾಲೆ ಆಗ ಅಮೆರಿಕದಲ್ಲಿ ಇರಲಿಲ್ಲ, ಅದಕ್ಕೆ. ಅಷ್ಟರಲ್ಲಿ ಅವರ ಇಬ್ಬರು ಮಕ್ಕಳೂ ತೀರಿಕೊಂಡಿದ್ದರು. ಆ ಸಂಕಟದಲ್ಲೂ ಬೇರೆಯವರ ಮಕ್ಕಳಿಗಾಗಿ ದುಡಿದರಲ್ಲ, ನನಗೆ ಅದೇ ದೊಡ್ಡದು.

1925ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಗುಡ್ಡಗಾಡಿನಲ್ಲಿ ಸೇವೆ ಶುರುಮಾಡಿದರು. ರಸ್ತೆಯೇ ಇಲ್ಲ. ನರ್ಸ್‌ಗಳು ಕುದುರೆಯ ಜೀನಿಗೆ ಚೀಲ ಕಟ್ಟಿಕೊಂಡು, ಅದರಲ್ಲೇ ಹೆರಿಗೆ ಸಾಮಾನು ತುಂಬಿಕೊಂಡು, ಮಳೆ ಹಿಮ ಅನ್ನದೆ ಹಳ್ಳ ದಾಟಿ ಬಸುರಿಯರ ಮನೆಗೇ ಹೋಗುತ್ತಿದ್ದರು. ದುಡ್ಡಿಲ್ಲದವರು ಫೀಸಿನ ಬದಲು ಬೆಳೆದದ್ದನ್ನು ಕೊಡಬಹುದಿತ್ತು, ಇಲ್ಲಾಂದ್ರೆ ಕೆಲಸ ಮಾಡಿಕೊಡಬಹುದಿತ್ತು.

ಎರಡನೇ ಮಹಾಯುದ್ಧ ಶುರುವಾಗಿ, ಅವರ ಜೊತೆ ದುಡಿಯುತ್ತಿದ್ದ ಬ್ರಿಟಿಷ್ ನರ್ಸ್‌ಗಳು ಊರಿಗೆ ಹೊರಟಾಗ, 1939ರಲ್ಲಿ ಅಲ್ಲೇ ಸೂಲಗಿತ್ತಿ ಕೆಲಸ ಕಲಿಸುವ ಶಾಲೆ ತೆರೆದರು.