ಕಂಪನಿ ಕೊಟ್ಟಿದ್ದು ಯಾವ್ದು, ಹೊರಗೆ ಹಾಕ್ಸಿದ್ದು ಯಾವ್ದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕಿನ ಬಗ್ಗೆನೇ ಇದ್ವು, ಅದಕ್ಕೆ ಬೇರೆ ವಿಷ್ಯ ಎಲ್ಲಾ ಪಕ್ಕಕ್ಕಿಟ್ಟು ಇದೊಂದನ್ನೇ ತಗೊಂಡಿದೀನಿ.

ಪ್ರಶ್ನೆ: ಸರ್, ನಾನು ನನ್ನ ಹೆಂಡ್ತಿ ಇಬ್ರೂ ಲಾಂಗ್ ಟ್ರಿಪ್ ಹೋಗೋಕೆ ಅಂತ ಒಂದು ಹಳೇ ಟೂರಿಂಗ್ ಬೈಕ್ ನೋಡಿದೀವಿ. ಮಾರೋರು "ಫುಲ್ ಲೋಡೆಡ್, ಇನ್ನೇನೂ ಹಾಕ್ಸೋದೇ ಬೇಡ" ಅಂತಾರೆ. ಪ್ಯಾನಿಯರ್ (ಹಿಂದೆ ಎರಡೂ ಪಕ್ಕಕ್ಕೆ ಹಾಕೋ ಬಾಕ್ಸ್), ಟಾಪ್ ಬಾಕ್ಸ್, ಎತ್ತರದ ವಿಂಡ್‌ಶೀಲ್ಡ್, ಫಾಗ್ ಲೈಟ್, ಹೀಟೆಡ್ ಗ್ರಿಪ್, ಸ್ಪೀಡನ್ನ ತಾನೇ ಒಂದೇ ಸಮ ಹಿಡಿದಿಡೋ ಕ್ರೂಸ್ ಕಂಟ್ರೋಲ್ ಎಲ್ಲಾ ಇದೆ. ಇದ್ರಲ್ಲಿ ಬೈಕಿನ ಜೊತೆಗೇ ಬಂದಿದ್ದು ಯಾವ್ದು, ಆಮೇಲೆ ಹಾಕ್ಸಿದ್ದು ಯಾವ್ದು ಅಂತ ಹೇಗೆ ಕಂಡುಹಿಡಿಯೋದು? ಅದನ್ನ ತಿಳ್ಕೊಂಡು ಏನಾದ್ರೂ ಉಪಯೋಗ ಇದ್ಯಾ?

ಉತ್ತರ: ಉಪಯೋಗ ಇದೆ, ತುಂಬಾನೇ ಇದೆ. ಆಮೇಲೆ ಯಾವಾಗ ಬೇಕಾದ್ರೂ ಹಾಕ್ಸಬಹುದಾದ ಸಾಮಾನು ಒಂದು ಕಡೆ, ಫ್ಯಾಕ್ಟರಿಯಲ್ಲಿ ಬರದಿದ್ರೆ ಮುಂದೆ ಯಾವತ್ತೂ ಹಾಕ್ಸೋಕಾಗದ ಸಾಮಾನು ಇನ್ನೊಂದು ಕಡೆ, ಹಳೇ ಬೈಕ್ ನೋಡೋವಾಗ ಈ ಎರಡನ್ನ ಬೇರೆ ಮಾಡಿ ನೋಡೋದೇ ಮುಖ್ಯ ಕೆಲಸ. ಟಾಪ್ ಬಾಕ್ಸ್ ಇಲ್ಲ ಅಂದ್ರೆ ನಾಳೆ ಹಾಕ್ಸ್ಕೋಬಹುದು. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ಎಬಿಎಸ್ ಇಲ್ಲ ಅಂದ್ರೆ ಆ ಬೈಕಿಗೆ ಕೊನೇವರೆಗೂ ಇಲ್ಲ ಅಂತಾನೇ ಲೆಕ್ಕ. ಮೇಲೆ ನೇತುಹಾಕಿರೋ ಸಾಮಾನು ಜಾಸ್ತಿ ಆದಷ್ಟೂ ಒಳಗಡೆ ಏನಿಲ್ಲ ಅನ್ನೋದು ಕಣ್ಣಿಗೆ ಬೀಳೋದು ಕಮ್ಮಿ ಆಗತ್ತೆ, ಅದೇ ನನಗೆ ಭಯ.

ಸಾಮಾನಲ್ಲಿ ನಾಲ್ಕು ಥರ ಇದೆ ಅಂತ ಇಟ್ಕೊಳ್ಳಿ. ಆ ಮಾಡೆಲಿನ ಪ್ರತಿ ಬೈಕಿಗೂ ಬರೋದು, ಅದು ಸ್ಟ್ಯಾಂಡರ್ಡ್. ಬುಕ್ ಮಾಡೋವಾಗಲೇ ಕೇಳಿದ್ರೆ ಫ್ಯಾಕ್ಟರಿಯಲ್ಲೇ ಕೂರಿಸಿ ಕಳಿಸೋದು, ಅದು ಫ್ಯಾಕ್ಟರಿ ಆಪ್ಷನ್. ಮೂರನೇದು ಸಾಮಾನು ಕಂಪನಿಯದ್ದೇ, ಆದ್ರೆ ಹಾಕಿದ್ದು ಷೋರೂಮಿನಲ್ಲಿ. ಕೊನೇದು ಬೇರೆ ಕಂಪನಿ ಸಾಮಾನು ತಂದು ಹೊರಗೆ ಹಾಕ್ಸಿದ್ದು. ಬಿಎಂಡಬ್ಲ್ಯೂದವರು ಎರಡನೇದಕ್ಕೆ ಎಸ್‌ಎ, ಮೂರನೇದಕ್ಕೆ ಎಸ್‌ಝಡ್ ಅಂತ ಬೇರೆ ಬೇರೆ ಗುರುತೇ ಇಟ್ಟಿದಾರೆ, ಚಾಸಿ ನಂಬರಿನ ಕೊನೇ ಏಳು ಅಕ್ಷರ ಕೊಟ್ರೆ ಆ ಬೈಕ್ ಫ್ಯಾಕ್ಟರಿಯಿಂದ ಯಾವ ಯಾವ ಆಪ್ಷನ್ ಜೊತೆ ಹೊರಟಿತ್ತು ಅನ್ನೋ ಪಟ್ಟಿ ಸಿಗತ್ತೆ. ಬೇರೆ ಕಂಪನಿ ಬೈಕ್ ಆದ್ರೂ ಚಾಸಿ ನಂಬರ್ ಬರ್ಕೊಂಡು ಹೋಗಿ ಸರ್ವಿಸ್ ಕೌಂಟರಿನಲ್ಲಿ ಕೇಳಿ, ಕನಿಷ್ಠ ಯಾವ ವೇರಿಯೆಂಟು ಯಾವ ವರ್ಷದ್ದು ಅನ್ನೋದಾದ್ರೂ ಗೊತ್ತಾಗತ್ತೆ.

ಒಂದು ಮಾಡೆಲಿನಲ್ಲಿ ಸ್ಟ್ಯಾಂಡರ್ಡ್ ಆಗಿರೋದು ಇನ್ನೊಂದರಲ್ಲಿ ಆಗಿರಲ್ಲ, ಇದನ್ನ ಮರೀಬೇಡಿ. ಬಿಎಂಡಬ್ಲ್ಯೂ ಆರ್ 1200 ಆರ್‌ಟಿ ತಗೊಂಡ್ರೆ ಪಕ್ಕದ ಪ್ಯಾನಿಯರ್ ಬೈಕಿನ ಜೊತೆಗೇ, ಅದೇ ಇಂಜಿನ್ನಿನ ಜಿಎಸ್ ತಗೊಂಡ್ರೆ ಬೇರೆ ತಗೋಬೇಕು. ಹೋಂಡಾ ಗೋಲ್ಡ್ ವಿಂಗ್ ಅಂದ್ರೆ ಇವತ್ತು ಎಲ್ರ ಕಣ್ಣಿಗೂ ಬರೋದು ಗಾಳಿ ತಡೆಯೋಕೆ ಮುಂದೆ ಇರೋ ದೊಡ್ಡ ಕವಚ ಅಂದ್ರೆ ಫೇರಿಂಗು, ಸೋಫಾ ಥರ ಸೀಟು. ಆದ್ರೆ 1975ರ ಮೊದಲ ಜಿಎಲ್ 1000ಗೆ ಫೇರಿಂಗೂ ಇರ್ಲಿಲ್ಲ ಬ್ಯಾಗೂ ಇರ್ಲಿಲ್ಲ, ಬರೀ ಬೆತ್ತಲೆ ಬೈಕು. ಓಡಿಸೋರೇ ಕ್ರೇಗ್ ವೆಟರ್ ಮಾಡ್ತಿದ್ದ ವಿಂಡ್‌ಜಾಮರ್ ಫೇರಿಂಗ್ ತಂದು ಹಾಕ್ಸ್ಕೋತಿದ್ರು, ಹೋಂಡಾದವರು ತಾವೇ ಫೇರಿಂಗು ಬ್ಯಾಗು ಎಲ್ಲಾ ಕೂರಿಸಿ ಕೊಡೋಕೆ ಶುರು ಮಾಡಿದ್ದು 1980ರ ಇಂಟರ್‌ಸ್ಟೇಟ್ ಮಾಡೆಲಿಂದ. ಈಗಿನದಕ್ಕೆ ಬಂದ್ರೆ 2018ರ ನಂತರದ ಗೋಲ್ಡ್ ವಿಂಗಿನಲ್ಲಿ ಹಿಂದಿನ ಟ್ರಂಕ್ ಇರೋದು ಟೂರ್ ಅನ್ನೋ ವೇರಿಯೆಂಟಿಗೆ. ಹೀಗಾಗಿ "ಈ ಬೈಕಿಗೆ ಅದೆಲ್ಲಾ ಬರತ್ತೆ" ಅನ್ನೋ ಮಾತನ್ನ ನಂಬಬೇಡಿ, ಈ ವರ್ಷದ ಈ ವೇರಿಯೆಂಟಿಗೆ ಬರತ್ತಾ ಅಂತ ಕೇಳಿ. ಒಂದೇ ವರ್ಷದ ಬೈಕ್ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಸಾಮಾನಿನ ಜೊತೆ ಹೋಗಿರೋದೂ ಉಂಟು, ಬ್ರೋಷರ್ ನೋಡೋವಾಗ ಅದು ಎಲ್ಲಿಯ ಮಾರ್ಕೆಟ್ಟಿನದು ಅಂತ ನೋಡ್ಕೊಳ್ಳಿ.

ಇನ್ನು ಬೈಕಿನ ಹತ್ರ ನಿಂತಾಗ. ಮೊದಲು ಓನರ್ಸ್ ಮ್ಯಾನ್ಯುಯಲ್ ಕೇಳಿ ತಗೊಂಡು ಹ್ಯಾಂಡಲ್ ಸ್ವಿಚ್ಚುಗಳ ಚಿತ್ರ ಇರೋ ಪುಟ ತೆಗೀರಿ. ಬೈಕಿನಲ್ಲಿರೋ ಪ್ರತಿ ಸ್ವಿಚ್ಚೂ ಆ ಚಿತ್ರದಲ್ಲಿರ್ಬೇಕು. ಇಲ್ಲದೇ ಇರೋದು ಹೊರಗಿಂದ ಬಂದಿದ್ದು. ಚಿತ್ರದ ಪಕ್ಕ "ಕೆಲವು ಮಾಡೆಲ್‌ಗಳಲ್ಲಿ ಮಾತ್ರ" ಅಂತಿದ್ರೆ ಅದು ಆಪ್ಷನ್. ಸ್ವಿಚ್ ಇರ್ಬೇಕಾದ ಜಾಗದಲ್ಲಿ ಬರೀ ಪ್ಲಾಸ್ಟಿಕ್ ಮುಚ್ಚಳ ಕೂತಿದ್ರೆ ಈ ಬೈಕಿಗೆ ಆ ಸೌಲಭ್ಯ ಕಂಪನಿಯಿಂದ ಬಂದಿರೋದಿಲ್ಲ, ಅದು ಕಂಪನಿಯೇ ಬಾಯಿಬಿಟ್ಟು ಹೇಳಿದ ಹಾಗೆ.

ಆಮೇಲೆ ಸೀಟ್ ತೆಗೆಸಿ. ಕಂಪನಿ ವೈರಿಂಗ್ ನೋಡಿದ್ ತಕ್ಷಣ ಗೊತ್ತಾಗತ್ತೆ, ವೈರು ಕವಚದ ಒಳಗೆ ಹೋಗಿರತ್ತೆ, ಕ್ಲಿಪ್ಪಿಗೆ ಸಿಕ್ಕಿಸಿರತ್ತೆ, ಕೊನೇಲಿ ಒತ್ತಿದ್ರೆ ಟಕ್ ಅಂತ ಬಿಚ್ಚೋ ಕನೆಕ್ಟರ್ ಇರತ್ತೆ, ಅದರ ಫ್ಯೂಸ್ ಎಲ್ಲಿದೆ ಅಂತ ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೇ ಬರೆದಿರತ್ತೆ. ಬ್ಯಾಟರಿ ಟರ್ಮಿನಲ್ಲಿಗೇ ನೇರವಾಗಿ ನಾಲ್ಕೈದು ವೈರು ಸಿಕ್ಕಿಸಿದ್ದು ಕಂಡ್ರೆ, ಒಂದೊಂದೂ ಒಂದೊಂದು ಆಕ್ಸೆಸರಿ ಅಂತ ಎಣಿಸ್ಕೊಳ್ಳಿ. ನಾನು ಒಂದು ಬೈಕ್ ತಗೊಂಡಾಗ ಸೀಟ್ ತೆಗೆಸದೇ ತಗೊಂಡೆ. ಎರಡು ಫಾಗ್ ಲೈಟ್ ಇತ್ತು, ಕಂಪನಿಯದ್ದೇ ಅಂತ ಹೇಳಿದ್ರು, ನಂಬಿದೆ. ಮಳೆಗಾಲದಲ್ಲಿ ಒಂದು ರಾತ್ರಿ ಲೈಟ್ ಹಾಕಿ ಅರ್ಧ ಗಂಟೆ ಓಡಿಸಿರ್ಬೇಕು, ಪ್ಲಾಸ್ಟಿಕ್ ಸುಟ್ಟ ವಾಸನೆ. ನಿಲ್ಲಿಸಿ ಸ್ವಿಚ್ ಮುಟ್ಟಿದ್ರೆ ಕೈ ಇಡೋಕಾಗ್ತಿಲ್ಲ. ಮನೆಗೆ ಬಂದು ಸೀಟ್ ಎತ್ತಿ ಕಪ್ಪು ಟೇಪ್ ಸುತ್ತಿದ್ದ ಒಂದು ಗಂಟನ್ನ ಬಿಚ್ತಾ ಹೋದೆ, ಟೇಪಿನ ಅಂಟೆಲ್ಲಾ ಕರಗಿ ಬೆರಳಿಗೆ ಮೆತ್ಕೋತು, ಒಳಗೆ ಮೂರು ವೈರನ್ನ ಕೈಯಲ್ಲೇ ಹುರಿ ಹೊಸೆದಿಟ್ಟಿದ್ರು, ಒಂದರ ತಾಮ್ರ ಹಸಿರು ಪುಡಿ ಆಗಿತ್ತು. ಹೆಚ್ಚು ಕರೆಂಟ್ ಸ್ವಿಚ್ಚಿನ ಮೂಲಕ ಹೋಗದ ಹಾಗೆ ಮಾಡೋ ರಿಲೇ ಇಲ್ಲ, ಫ್ಯೂಸೂ ಇಲ್ಲ. 55 ವ್ಯಾಟಿನ ಎರಡು ಹ್ಯಾಲೋಜೆನ್ ಅಂದ್ರೆ 110 ವ್ಯಾಟ್, 12 ವೋಲ್ಟಿಗೆ ಹತ್ರ ಹತ್ರ 9 ಆಂಪಿಯರ್ ಕರೆಂಟು, ಅಷ್ಟೂ ಆ ಸಣ್ಣ ಸ್ವಿಚ್ಚಿನ ಒಳಗೇ ಹಾದು ಹೋಗ್ತಿತ್ತು. ಅವತ್ತು ವಾಸನೆ ಬಂದಿದ್ದೇ ಪುಣ್ಯ. ಅವತ್ತಿಂದ ಸೀಟ್ ತೆಗೆಯೋಕೆ ಬಿಡಲ್ಲ ಅನ್ನೋರ ಬೈಕನ್ನ ನಾನು ಮುಟ್ಟೋದೇ ಇಲ್ಲ, ನೀವೂ ಮುಟ್ಟಬೇಡಿ.

ಸಾಮಾನಿನ ಮೇಲಿನ ಪಾರ್ಟ್ ನಂಬರ್ ಕೂಡ ತುಂಬಾ ಹೇಳತ್ತೆ. ಹೋಂಡಾದಲ್ಲಿ ಕಂಪನಿ ಆಕ್ಸೆಸರಿಗಳ ನಂಬರ್ 08 ಇಂದ ಶುರುವಾಗತ್ತೆ, ನಡುವಿನ ಮೂರಕ್ಷರ ಅದು ಯಾವ ಮಾಡೆಲಿಗೆ ಅಂತ ಮಾಡಿದ್ದು ಅನ್ನೋದನ್ನ ತೋರಿಸತ್ತೆ. ಹಾಗಾಗಿ ಸ್ಟಿಕ್ಕರ್ ಮೇಲೆ ಹೋಂಡಾ ಅಂತಿದೆ ಅಂದ ಮಾತ್ರಕ್ಕೆ ಸ್ಟ್ಯಾಂಡರ್ಡ್ ಆಗಲ್ಲ, ಒಳ್ಳೇ ಆಕ್ಸೆಸರಿ ಅಂತಾಗತ್ತೆ ಅಷ್ಟೆ. ಬಾಕ್ಸಿನ ಮೇಲೆ ಗಿವಿ, ಹೆಪ್ಕೋ ಬೆಕರ್, ಎಸ್‌ಡಬ್ಲ್ಯೂ ಮೋಟೆಕ್ ಥರದ ಹೆಸರು ಇದ್ರೆ ಸಾಮಾನ್ಯವಾಗಿ ಹೊರಗೆ ಹಾಕ್ಸಿದ್ದು. ಅದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಎಷ್ಟೋ ಸಲ ಕಂಪನಿಯದ್ದಕ್ಕಿಂತ ಗಟ್ಟಿಯಾಗೇ ಇರತ್ತೆ.

ಕ್ರೂಸ್ ಕಂಟ್ರೋಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳ್ತೀನಿ, ಯಾಕಂದ್ರೆ ಅಲ್ಲಿ ಮೋಸ ಹೋಗೋರು ಜಾಸ್ತಿ. ಎಕ್ಸಲೇಟರ್ ಗ್ರಿಪ್ಪನ್ನ ತಿರುಗಿಸಿದ ಜಾಗದಲ್ಲೇ ಹಿಡಿದಿಡೋ ಥ್ರಾಟಲ್ ಲಾಕ್ ಅಂತ ಒಂದು ಸಣ್ಣ ಸಾಮಾನು ಬರತ್ತೆ, ಅದನ್ನ ತೋರಿಸಿ ಕ್ರೂಸ್ ಅಂತಾರೆ. ಅದಕ್ಕೆ ಸ್ಪೀಡ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲ, ಏರು ಬಂದ್ರೆ ಬೈಕ್ ನಿಧಾನ ಆಗತ್ತೆ, ಇಳಿಜಾರಿನಲ್ಲಿ ಓಡ್ತಾ ಹೋಗತ್ತೆ, ಬ್ರೇಕ್ ಹಿಡಿದ್ರೂ ಗ್ರಿಪ್ ಹಾಗೇ ನಿಂತಿರತ್ತೆ. ನಿಜವಾದ ಕ್ರೂಸ್ ಆದ್ರೆ ಏರಿನಲ್ಲೂ ಸ್ಪೀಡ್ ಹಿಡ್ಕೊಳ್ಳತ್ತೆ, ಬ್ರೇಕ್ ಲಿವರ್ ಸ್ವಲ್ಪ ಮುಟ್ಟಿದ್ ತಕ್ಷಣ ಬಿಟ್ಟುಬಿಡತ್ತೆ. ಟೆಸ್ಟ್ ರೈಡ್ ಮಾಡೋವಾಗ ಖಾಲಿ ರಸ್ತೆಯಲ್ಲಿ ಇದನ್ನ ನೋಡಿ. ವರ್ಷ ನೋಡಿದ್ರೂ ಗೊತ್ತಾಗತ್ತೆ, ಯಮಹಾ ಎಫ್‌ಜೆಆರ್ 1300ಗೆ ಕಂಪನಿ ಕ್ರೂಸ್ ಬಂದಿದ್ದು 2013ರ ಮಾಡೆಲಿಂದ, ಅದಕ್ಕಿಂತ ಹಳೇದರಲ್ಲಿ ಕಂಡ್ರೆ ಯಾರೋ ಹಾಕ್ಸಿದ್ದು.

ಪ್ರಶ್ನೆ: ನಾನು ನೋಡ್ತಿರೋ ಬೈಕಿನಲ್ಲಿ ಎಬಿಎಸ್ ಇದೆ ಅಂತಾರೆ, ಆದ್ರೆ ಮಡ್ ಗಾರ್ಡ್ ಮೇಲೆ ಎಬಿಎಸ್ ಅಂತ ಸ್ಟಿಕ್ಕರ್ ಮಾತ್ರ ಇದೆ. ಖಚಿತ ಮಾಡ್ಕೊಳ್ಳೋದು ಹೇಗೆ?

ಉತ್ತರ: ಸ್ಟಿಕ್ಕರ್ ಯಾರ್ ಬೇಕಾದ್ರೂ ಅಂಟಿಸ್ತಾರೆ. ಕೂತು ಚಕ್ರದ ನಡುಭಾಗ ನೋಡಿ, ಡಿಸ್ಕಿನ ಹತ್ರ ಒಂದು ಸಣ್ಣ ರಿಂಗ್ ಇರತ್ತೆ, ಸುತ್ತಲೂ ಸೀಳು ಸೀಳಾಗಿ ತೂತು, ಅದರ ಎದುರಿಗೆ ಒಂದು ಸೆನ್ಸರ್, ಅದ್ರಿಂದ ಒಂದು ವೈರ್ ಮೇಲಕ್ಕೆ ಹೋಗಿರತ್ತೆ. ಆಮೇಲೆ ಕೀ ಆನ್ ಮಾಡಿ, ಮೀಟರಿನಲ್ಲಿ ಎಬಿಎಸ್ ದೀಪ ಹತ್ತಬೇಕು, ಬೈಕ್ ಸ್ವಲ್ಪ ದೂರ ಉರುಳಿದ ಮೇಲೆ ಆರಬೇಕು. ಆರದೇ ಉಳಿದ್ರೆ ಎಬಿಎಸ್ ಕೆಟ್ಟಿದೆ. ಕೀ ಆನ್ ಮಾಡಿದಾಗ ಹತ್ತಲೇ ಇಲ್ಲ ಅಂದ್ರೆ ಎಬಿಎಸ್ ಇಲ್ಲ, ಅಥವಾ ಕೆಟ್ಟಿದ್ದು ಗೊತ್ತಾಗದಿರ್ಲಿ ಅಂತ ದೀಪಾನೇ ತೆಗೆದಿದಾರೆ, ಎರಡನೇದು ಇನ್ನೂ ಕೆಟ್ಟದ್ದು. ಕವಾಸಾಕಿ ಕಾಂಕೋರ್ಸ್ 14 ಶುರುವಿನಲ್ಲಿ ಎಬಿಎಸ್ ಇರೋದು ಇಲ್ಲದ್ದು ಎರಡೂ ಮಾರಾಟ ಆಗಿದೆ, ದೂರದಿಂದ ನೋಡಿದ್ರೆ ಎರಡೂ ಒಂದೇ. ಗೋಲ್ಡ್ ವಿಂಗಿನ ಏರ್‌ಬ್ಯಾಗೂ ಇದೇ ಜಾತಿ, 2006ರಲ್ಲಿ ಆಪ್ಷನ್ ಆಗಿ ಬಂತು, ಮುಂದಿನ ಫೋರ್ಕಿನಲ್ಲಿ ಸೆನ್ಸರ್ ಇರತ್ತೆ, ಹೊರಗೆ ಹಾಕ್ಸೋ ಮಾತೇ ಇಲ್ಲ. ನಿಮ್ಮ ದುಡ್ಡು ಇಂಥದ್ದಕ್ಕೆ ಹೋಗ್ಲಿ.

ಹೊಸ ಬೈಕುಗಳಲ್ಲಿ ಇನ್ನೊಂದು ತಲೆನೋವು ಸೇರ್ಕೊಂಡಿದೆ, ಸಾಫ್ಟ್‌ವೇರ್. ಸಾಮಾನೆಲ್ಲಾ ಬೈಕಿನಲ್ಲೇ ಇರತ್ತೆ, ಆದ್ರೆ ದುಡ್ಡು ಕಟ್ಟಿದ್ರೆ ಮಾತ್ರ ತೆರೆಯತ್ತೆ. ಕೆಟಿಎಂನ ಕೆಲವು ದೊಡ್ಡ ಅಡ್ವೆಂಚರ್ ಬೈಕುಗಳಲ್ಲಿ ಮೊದಲ 1500 ಕಿಲೋಮೀಟರ್ ದುಡ್ಡು ಕಟ್ಟಿ ತಗೋಬೇಕಾದ ರೈಡಿಂಗ್ ಮೋಡು, ಕ್ಲಚ್ ಹಿಡಿಯದೇ ಗೇರ್ ಬದಲಾಯಿಸೋ ಕ್ವಿಕ್‌ಶಿಫ್ಟರ್ ಥರದ್ದು ಡೆಮೋ ಅಂತ ತೆರೆದಿರತ್ತೆ, ಆಮೇಲೆ ಮುಚ್ಕೊಳ್ಳತ್ತೆ. ಕಮ್ಮಿ ಓಡಿರೋ ಬೈಕ್ ತಗೊಂಡು ಖುಷಿಯಾಗಿ ಮನೆಗೆ ಬಂದು ಮುಂದಿನ ತಿಂಗಳು ಕ್ವಿಕ್‌ಶಿಫ್ಟರ್ ಕೆಲಸ ಮಾಡ್ತಿಲ್ಲ ಅಂತ ಗಾಬರಿ ಆಗ್ಬಾರ್ದು ಅಂದ್ರೆ ಮೆನುವಿನ ಒಳಗೆ ಹೋಗಿ ನೋಡಿ. ಹಿಂದಿನ ಕೆಲವು ಬಿಎಂಡಬ್ಲ್ಯೂಗಳಲ್ಲಿ ಹೆಚ್ಚಿನ ಮೋಡ್ ತೆರೆಯೋಕೆ ಒಂದು ಸಣ್ಣ ಕೋಡಿಂಗ್ ಪ್ಲಗ್ ಸಿಕ್ಕಿಸ್ಬೇಕಿತ್ತು, ಅದು ಬೈಕಿನಲ್ಲಿದ್ಯಾ ಕೇಳಿ.

ಪ್ರಶ್ನೆ: ಮಾರೋರು ತಾವು ಹಾಕ್ಸಿದ ಪ್ರತಿಯೊಂದು ಆಕ್ಸೆಸರಿ ಬಿಲ್ ಜೋಡಿಸಿಟ್ಟು ಅಷ್ಟನ್ನೂ ಬೈಕಿನ ರೇಟಿಗೆ ಸೇರ್ಸಿ ಕೇಳ್ತಿದಾರೆ. ಕೊಡ್ಬೇಕಾ?

ಉತ್ತರ: ಬೇಡ. ಅವರು ಅದನ್ನ ಹಾಕ್ಸ್ಕೊಂಡಿದ್ದು ಅವರ ಎತ್ತರಕ್ಕೆ, ಅವರ ಬೆನ್ನಿಗೆ, ಅವರ ರಸ್ತೆಗೆ. ಅವರಿಗೆ ಹೊಲಿಸಿದ ಸೀಟು ನಿಮಗೆ ಸರಿಯಾಗಿ ಕೂರತ್ತೆ ಅಂತ ಏನೂ ಇಲ್ಲ. ಬೈಕು ಏನೂ ಇಲ್ಲದೇ ಸ್ಟ್ಯಾಂಡರ್ಡ್ ಆಗಿದ್ರೆ ಏನು ಬೆಲೆ ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ನೀವಾಗಿದ್ರೆ ಯಾವ್ದನ್ನ ಖಂಡಿತ ಹಾಕ್ಸ್ಕೋತಿದ್ರಿ ಅಷ್ಟಕ್ಕೆ ಮಾತ್ರ, ಅದೂ ಹಳೇ ಸಾಮಾನಿನ ಲೆಕ್ಕದಲ್ಲಿ ಸ್ವಲ್ಪ ಸೇರ್ಸಿ. ಹಾಗಂತ ಬಿಲ್ಲುಗಳನ್ನ ಬೇಡ ಅನ್ಬೇಡಿ, ಕೇಳಿ ಇಸ್ಕೊಳ್ಳಿ, ಯಾವ್ದನ್ನ ಯಾವಾಗ ಎಲ್ಲಿ ಹಾಕ್ಸಿದ್ರು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ದಾಖಲೆ ಇಲ್ಲ.

ಬಿಲ್ಲಿಗಿಂತ ಮುಖ್ಯವಾದ ಒಂದು ಪ್ರಶ್ನೆ ಇದೆ, ಇದನ್ನ ತಪ್ಪದೇ ಕೇಳಿ: ತೆಗೆದ ಹಳೇ ಸಾಮಾನು ಎಲ್ಲಿದೆ? ಸೈಲೆನ್ಸರ್, ವಿಂಡ್‌ಶೀಲ್ಡ್, ಸೀಟು, ಇಂಡಿಕೇಟರ್, ಹಿಂದಿನ ಶಾಕ್ ಇವೆಲ್ಲಾ ಬದಲಾಯಿಸಿದ್ರೆ ಒರಿಜಿನಲ್ ಬೈಕಿನ ಜೊತೆ ಬರ್ಬೇಕು. ಸದ್ದು ಮಾಡೋ ಸೈಲೆನ್ಸರ್ ತಪಾಸಣೆಯಲ್ಲಿ ಪಾಸಾಗದಿದ್ರೆ ಹಳೇದನ್ನ ಹುಡುಕ್ಕೊಂಡು ತರೋ ಖರ್ಚು ನಿಮ್ಮ ತಲೆಗೇ ಬರತ್ತೆ. ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿರೋ ಮನುಷ್ಯ ಸಿಕ್ಕಿದ್ರೆ, ಅವರ ಬೈಕೂ ಹಾಗೇ ಜೋಪಾನವಾಗಿರತ್ತೆ ಅಂತ ನನ್ನ ಅನುಭವ.

ಪ್ರಶ್ನೆ: ಲೋಹದ ದೊಡ್ಡ ಪ್ಯಾನಿಯರ್, ಸುತ್ತಲೂ ಕ್ರ್ಯಾಶ್ ಗಾರ್ಡ್, ಹಿಂದೆ ಟಾಪ್ ಬಾಕ್ಸ್ ಇರೋ ಬೈಕ್ ಸಿಕ್ಕಿದೆ. ಇಷ್ಟೆಲ್ಲಾ ಇದ್ರೆ ಒಳ್ಳೇದೇ ಅಲ್ವಾ?

ಉತ್ತರ: ಮೂಗಿಗಿಂತ ಮೂಗುತಿ ಭಾರ ಆಗಿದ್ಯಾ ಅಂತ ಮೊದಲು ನೋಡಿ. ಪ್ರತಿ ಬೈಕಿಗೂ ಎಲ್ಲಾ ಸೇರಿ ಇಷ್ಟೇ ಕೆಜಿ ಅಂತ ಮಿತಿ ಇರತ್ತೆ, ಮ್ಯಾನ್ಯುಯಲ್ಲಿನಲ್ಲಿದೆ, ಎಷ್ಟೋ ಬೈಕಿನಲ್ಲಿ ಪ್ಲೇಟಿನ ಮೇಲೂ ಇರತ್ತೆ. ಅದ್ರಲ್ಲಿ ಬೈಕಿನ ತೂಕ ಕಳೀರಿ, ಉಳಿದದ್ದು ನೀವು, ಹಿಂದೆ ಕೂರೋರು, ಬಟ್ಟೆಬರೆ, ಜೊತೆಗೆ ಹೊರಗಿಂದ ಹಾಕ್ಸಿದ ಪ್ರತಿ ಕಬ್ಬಿಣದ ತುಂಡೂ. ಉದಾಹರಣೆಗೆ 180 ಕೆಜಿ ಉಳೀತು, ಇಬ್ರದ್ದು ಸೇರಿ 140, ಲೋಹದ ಬಾಕ್ಸು ಅದರ ಸ್ಟ್ಯಾಂಡು ಗಾರ್ಡು ಎಲ್ಲಾ ಸೇರಿ 25 ಅಂತಿಟ್ಕೊಳ್ಳಿ, ಬಟ್ಟೆಗೆ ಉಳಿದಿದ್ದು ಬರೀ 15. ಸ್ಟ್ಯಾಂಡರ್ಡ್ ಪ್ಯಾನಿಯರ್ ಆಗಿದ್ರೆ ಅದರ ತೂಕ ಬೈಕಿನ ತೂಕದಲ್ಲೇ ಸೇರಿದ್ಯಾ ಇಲ್ವಾ ಅಂತಾನೂ ಅದೇ ಪುಟದಲ್ಲಿ ನೋಡ್ಕೊಳ್ಳಿ. ಟಾಪ್ ಬಾಕ್ಸಿನ ಮುಚ್ಚಳದ ಒಳಗೆ ಎಷ್ಟು ಕೆಜಿ ಹಾಕ್ಬಹುದು ಅಂತ ಸ್ಟಿಕ್ಕರ್ ಇರತ್ತೆ, ಅದನ್ನ ಮೀರ್ಬೇಡಿ, ಹಿಂದಿನ ಆಕ್ಸಲ್ಲಿಗಿಂತ ಹಿಂದೆ ಎತ್ತರದಲ್ಲಿ ತೂಕ ಕೂತ್ರೆ ಸ್ಪೀಡಿನಲ್ಲಿ ಬೈಕ್ ಹಾವಿನ ಥರ ತೊನೆಯೋಕೆ ಶುರು ಮಾಡತ್ತೆ. ಟೆಸ್ಟ್ ರೈಡಿಗೆ ಬಾಕ್ಸುಗಳನ್ನ ಹಾಕ್ಕೊಂಡೇ ಹೋಗಿ.

ಪ್ರಶ್ನೆ: ಪ್ಯಾನಿಯರಿಗೆ ಬೇರೆ ಕೀ, ಬೈಕಿಗೆ ಬೇರೆ ಕೀ ಕೊಡ್ತಿದಾರೆ. ತೊಂದ್ರೆ ಇದ್ಯಾ?

ಉತ್ತರ: ಕಂಪನಿ ಪ್ಯಾನಿಯರ್ ಆಗಿದ್ರೆ ಸಾಮಾನ್ಯವಾಗಿ ಇಗ್ನಿಷನ್ ಕೀನೇ ಅದಕ್ಕೂ ಆಗತ್ತೆ. ಬೇರೆ ಕೀ ಅಂದ್ರೆ ಆಮೇಲೆ ಹಾಕ್ಸಿದ್ದು, ಇಲ್ಲಾ ಬಿದ್ದು ಒಡೆದು ಇನ್ನೊಂದು ಬೈಕಿಂದು ತಂದು ಹಾಕಿದ್ದು. ಎರಡನೇದಾಗಿದ್ರೆ ಆ ಕಡೆಯ ಫುಟ್‌ರೆಸ್ಟು, ಲಿವರ್ ತುದಿ, ಇಂಜಿನ್ ಕವರು ಉಜ್ಜಿದ್ಯಾ ಅಂತ ಬಗ್ಗಿ ನೋಡಿ. ಮತ್ತೆ ಎರಡೂ ಕೀ ಕೇಳಿ ಇಸ್ಕೊಳ್ಳಿ, ಡೂಪ್ಲಿಕೇಟ್ ಸಮೇತ.