ವಿಶ್ವವಿದ್ಯಾಲಯದ ಸಂಶೋಧನೆಯನ್ನು ಎಣಿಸುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಗಣಿತದಲ್ಲಿ ಪಿಎಚ್.ಡಿ. ಮಾಡಬೇಕೆಂದಿದ್ದಾಳೆ. ಅವಳು ಆರಿಸಿಕೊಂಡ ವಿಶ್ವವಿದ್ಯಾಲಯದ ವಾರ್ಷಿಕ ವರದಿಯಲ್ಲಿ ವೈದ್ಯಕೀಯ ವಿಭಾಗದ ಪ್ರಬಂಧಗಳು ಸಾವಿರಗಟ್ಟಲೆ ಇವೆ, ಗಣಿತದವು ನೂರನ್ನೂ ದಾಟಿಲ್ಲ. ಗಣಿತ ವಿಭಾಗ ಸೊರಗಿದೆ ಎಂದು ತಿಳಿಯಬೇಕೇ?

ಉತ್ತರ: ಖಂಡಿತ ಬೇಡ. ವೈದ್ಯಕೀಯ ವಿಭಾಗ ಎಂದರೆ ಹತ್ತಾರು ಉಪವಿಭಾಗಗಳು, ಅವುಗಳಿಗೆ ಹೊಂದಿಕೊಂಡ ಆಸ್ಪತ್ರೆ, ರೋಗಿಗಳನ್ನು ನೋಡುತ್ತಲೇ ಸಂಶೋಧನೆ ನಡೆಸುವ ನೂರಾರು ವೈದ್ಯರು. ಒಬ್ಬ ರೋಗಿಯಲ್ಲಿ ಕಂಡ ಅಪರೂಪದ ಲಕ್ಷಣವನ್ನು ವಿವರಿಸುವ ಎರಡು ಪುಟದ ವರದಿಯೂ, ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿ ಬರೆದ ಅಧ್ಯಯನವೂ ಪಟ್ಟಿಯಲ್ಲಿ ಒಂದೊಂದು ಸಾಲನ್ನೇ ಪಡೆಯುತ್ತವೆ. ಗಣಿತದಲ್ಲಾದರೆ ಒಬ್ಬರೋ ಇಬ್ಬರೋ ಕುಳಿತು ಒಂದೇ ಪ್ರಮೇಯದ ಸಾಧನೆಗೆ ವರ್ಷಗಳನ್ನು ಕಳೆಯುವುದುಂಟು, ಬರೆದು ಕಳಿಸಿದ ಮೇಲೂ ತಜ್ಞರು ಅದನ್ನು ಸಾಲುಸಾಲಾಗಿ ಪರಿಶೀಲಿಸಿ ಒಪ್ಪುವಷ್ಟರಲ್ಲಿ ಮತ್ತೊಂದು ವರ್ಷ ಕಳೆದಿರುತ್ತದೆ.

ಒಂದು ಪ್ರಬಂಧವನ್ನು ಬೇರೆ ಪ್ರಬಂಧಗಳು ಎಷ್ಟು ಸಲ ಉಲ್ಲೇಖಿಸಿವೆ ಎಂಬ ಲೆಕ್ಕವನ್ನೂ ವಿಷಯದಿಂದ ವಿಷಯಕ್ಕೆ ಒಯ್ಯಲಾಗದು. ಜೀವವಿಜ್ಞಾನದ ಪ್ರಬಂಧಗಳ ಕೊನೆಯಲ್ಲಿರುವ ಆಕರಗಳ ಪಟ್ಟಿ ಉದ್ದ, ಗಣಿತದ್ದು ಚಿಕ್ಕದು. ಸಾರ್ವಕಾಲಿಕವಾಗಿ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧವೆಂದು ಹೆಸರಾದದ್ದು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದ ಬರಹ. ಅದರ ಉಲ್ಲೇಖಗಳು 3 ಲಕ್ಷವನ್ನು ಮೀರಿವೆ. ಅದರಲ್ಲಿರುವುದು ದ್ರಾವಣವೊಂದರಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನ. ಪ್ರಯೋಗಾಲಯಗಳಿಗೆ ಅದು ದಿನನಿತ್ಯವೂ ಬೇಕಾಯಿತು, ಆದ್ದರಿಂದ ಬಳಸಿದವರೆಲ್ಲರೂ ಹೆಸರಿಸಿದರು. ಉಪಯುಕ್ತತೆಗೆ ಇದು ದೊಡ್ಡ ಸಾಕ್ಷಿಯೇ ಹೌದು, ಆದರೆ ಜ್ಞಾನದ ಎತ್ತರವನ್ನು ಈ ಸಂಖ್ಯೆಯಿಂದ ಅಳೆಯಹೊರಟರೆ ಐನ್‌ಸ್ಟೈನ್ ಅವರ ಪ್ರಬಂಧಗಳೂ ಹಿಂದೆ ಬೀಳುತ್ತವೆ.

ಆದ್ದರಿಂದ ಆ ಗಣಿತ ವಿಭಾಗವನ್ನು ಬೇರೆ ವಿಶ್ವವಿದ್ಯಾಲಯಗಳ ಗಣಿತ ವಿಭಾಗಗಳೊಂದಿಗೆ ಮಾತ್ರ ಹೋಲಿಸಿ ನೋಡಿ. ಇತ್ತೀಚೆಗೆ ಅಲ್ಲಿ ಪಿಎಚ್.ಡಿ. ಮುಗಿಸಿದವರು ಏನು ಬರೆದಿದ್ದಾರೆ, ಈಗ ಎಲ್ಲಿದ್ದಾರೆ ಎಂದು ವಿಚಾರಿಸಿದರೆ ಮಗಳಿಗೆ ಹೆಚ್ಚು ಉಪಯೋಗವಾದೀತು.

ಪ್ರಶ್ನೆ: ಒಂದೇ ಪ್ರಬಂಧವನ್ನು ಹಲವು ವಿಶ್ವವಿದ್ಯಾಲಯಗಳು ತಮ್ಮದೆಂದು ತೋರಿಸಿಕೊಳ್ಳುವುದು ಸರಿಯೇ?

ಉತ್ತರ: ತಪ್ಪೇನಿಲ್ಲ, ಎಣಿಸಿದ ರೀತಿಯನ್ನು ಹೇಳಬೇಕು ಅಷ್ಟೇ. ಹಿಗ್ಸ್ ಬೋಸಾನ್ ಎಂಬ ಮೂಲಕಣದ ದ್ರವ್ಯರಾಶಿಯನ್ನು ಕುರಿತು 2015ರಲ್ಲಿ ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಒಟ್ಟಾಗಿ ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರಿದ್ದರು. ಅದರ 33 ಪುಟಗಳಲ್ಲಿ 24 ಪುಟಗಳು ಲೇಖಕರ ಮತ್ತು ಸಂಸ್ಥೆಗಳ ಹೆಸರುಗಳಿಗೇ ಹೋದವು. ಅವರಲ್ಲಿ ಐದು ಮಂದಿ ಒಂದು ವಿಶ್ವವಿದ್ಯಾಲಯದವರಾಗಿದ್ದರೆ, ಪೂರ್ಣ ಎಣಿಕೆಯಲ್ಲಿ ಅದಕ್ಕೆ ಒಂದು ಪ್ರಬಂಧ ಸಲ್ಲುತ್ತದೆ, ಪಾಲು ಹಂಚುವ ಎಣಿಕೆಯಲ್ಲಿ ಸುಮಾರು ಸಾವಿರದ ಒಂದು ಪಾಲು ಮಾತ್ರ.

ಪಾಲು ಹಂಚಿದ ಮಾತ್ರಕ್ಕೆ ನ್ಯಾಯ ಸಿಕ್ಕಿತೆಂದೂ ಅಲ್ಲ. ಇನ್ಸುಲಿನ್‌ನ ಕಥೆಯನ್ನೇ ನೋಡಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾದ ಬ್ಯಾಂಟಿಂಗ್ ಮತ್ತು ಬೆಸ್ಟ್ ಪ್ರಾಣಿಗಳ ಮೇದೋಜ್ಜೀರಕ ಗ್ರಂಥಿಯಿಂದ ಸಿದ್ಧಪಡಿಸಿದ ಸಾರವನ್ನು 1922ರ ಜನವರಿ 11ರಂದು ಮಧುಮೇಹವಿದ್ದ 14 ವರ್ಷದ ಬಾಲಕನೊಬ್ಬನಿಗೆ ಚುಚ್ಚಿದಾಗ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ, ಅದರಲ್ಲಿ ಕಲ್ಮಶವಿತ್ತು. ಜೀವರಸಾಯನಶಾಸ್ತ್ರಜ್ಞ ಜೇಮ್ಸ್ ಕಾಲಿಪ್ ಆಲ್ಕೋಹಾಲಿನ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತ ಹೋಗಿ, ಬೇಡವಾದ ಪ್ರೋಟೀನುಗಳು ಮೊದಲು ಬೇರೆಯಾಗಿ, ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಇನ್ಸುಲಿನ್ ತಳಕ್ಕೆ ಇಳಿಯುವುದನ್ನು ಕಂಡುಕೊಂಡರು. ಜನವರಿ 23ರಿಂದ ಆ ಶುದ್ಧೀಕರಿಸಿದ ಸಾರವನ್ನು ಕೊಟ್ಟಾಗ ಅದೇ ಹುಡುಗನ ರಕ್ತದ ಸಕ್ಕರೆ ಇಳಿಯಿತು. ಕಾಲಿಪ್ ಆಗ ಆಲ್ಬರ್ಟಾ ವಿಶ್ವವಿದ್ಯಾಲಯದಿಂದ ರಜೆಯ ಮೇಲೆ ಬಂದಿದ್ದವರು. ವೈದ್ಯಕೀಯ ಸಾಧನೆಯೆಂದು ನಾವು ಕರೆಯುವ ಈ ಕೆಲಸದ ನಿರ್ಣಾಯಕ ಹೆಜ್ಜೆ ರಸಾಯನಶಾಸ್ತ್ರದ್ದು, ಅದನ್ನಿಟ್ಟವರು ಬೇರೆ ಊರಿನಿಂದ ಬಂದ ಅತಿಥಿ. ವಿಜ್ಞಾನ ಇಷ್ಟು, ವೈದ್ಯಕೀಯ ಇಷ್ಟು ಎಂದು ಇದನ್ನು ಯಾವ ಸೂತ್ರದಿಂದ ಹಂಚಲು ಸಾಧ್ಯ?

ಪ್ರಶ್ನೆ: ಇಂಪ್ಯಾಕ್ಟ್ ಫ್ಯಾಕ್ಟರ್ ಹೆಚ್ಚಿರುವ ಜರ್ನಲ್‌ನಲ್ಲಿ ಬಂದದ್ದೆಲ್ಲ ಒಳ್ಳೆಯ ಸಂಶೋಧನೆಯೇ?

ಉತ್ತರ: ಅದು ಜರ್ನಲ್‌ನ ಪ್ರಬಂಧಗಳಿಗೆ ಸಿಕ್ಕ ಉಲ್ಲೇಖಗಳ ಸರಾಸರಿ. ಹಿಂದಿನ ಎರಡು ವರ್ಷಗಳಲ್ಲಿ ಜರ್ನಲ್ ಪ್ರಕಟಿಸಿದ 200 ಪ್ರಬಂಧಗಳಿಗೆ ಈ ವರ್ಷ 1,000 ಉಲ್ಲೇಖಗಳು ಬಂದರೆ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ 5. ಆ ಸಾವಿರದಲ್ಲಿ ಬಹುಪಾಲು ಬೆರಳೆಣಿಕೆಯ ಪ್ರಬಂಧಗಳಿಗೆ ಸಂದಿರಬಹುದು, ಉಳಿದವನ್ನು ಯಾರೂ ಮುಟ್ಟಿಯೇ ಇರಲಿಕ್ಕಿಲ್ಲ. ಅಲ್ಲದೆ ಎರಡು ವರ್ಷದ ಕಿಟಕಿಯಲ್ಲಿ ಕಾಣದ ಕೆಲಸಗಳಿವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರು, ಪ್ರೋಟೀನ್ ತಯಾರಿಸುವ ಸೂಚನೆಯನ್ನು ಜೀವಕೋಶಕ್ಕೆ ಒಯ್ಯುವ ಎಂಆರ್‌ಎನ್‌ಎ ಅಣುವನ್ನು ದೇಹದ ರೋಗನಿರೋಧಕ ವ್ಯವಸ್ಥೆ ಕೆರಳದಂತೆ ಮಾರ್ಪಡಿಸುವ ಬಗೆಯನ್ನು 2005ರಲ್ಲೇ ಪ್ರಕಟಿಸಿದ್ದರು. ಅದನ್ನು ಆಧರಿಸಿದ ಕೋವಿಡ್ ಲಸಿಕೆಗಳು ಜನರಿಗೆ ತಲುಪಿದ್ದು 2020ರ ಕೊನೆಯಲ್ಲಿ, ನೊಬೆಲ್ ಬಂದದ್ದು 2023ರಲ್ಲಿ.

ಪ್ರಶ್ನೆ: ಔಷಧಿಯಿಂದ ಪ್ರಯೋಜನವಿಲ್ಲ ಎಂದು ತೋರಿಸುವ ಅಧ್ಯಯನವೂ ವಿಶ್ವವಿದ್ಯಾಲಯದ ಸಾಧನೆಯೇ?

ಉತ್ತರ: ನನ್ನ ಮಟ್ಟಿಗೆ ಅದು ಅತ್ಯಂತ ಅಗತ್ಯವಾದ ಸಾಧನೆಗಳಲ್ಲಿ ಒಂದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದ ರಿಕವರಿ ಎಂಬ ಪ್ರಯೋಗ 2020ರಲ್ಲಿ ಕೋವಿಡ್ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ ಹಲವು ಔಷಧಿಗಳನ್ನು ಒಟ್ಟೊಟ್ಟಿಗೆ ಪರೀಕ್ಷಿಸಿತು. ಕೃತಕ ಉಸಿರಾಟದಲ್ಲಿದ್ದವರಲ್ಲಿ ಡೆಕ್ಸಾಮೆಥಾಸೋನ್ ಪಡೆದವರ ಸಾವಿನ ಪ್ರಮಾಣ 28 ದಿನಗಳಲ್ಲಿ ಶೇ 29.3, ಪಡೆಯದವರದು ಶೇ 41.4. ಅಗ್ಗದ ಹಳೆಯ ಔಷಧಿಯೊಂದು ಜೀವ ಉಳಿಸುತ್ತದೆ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಅದೇ ಪ್ರಯೋಗದಲ್ಲಿ ಮಲೇರಿಯಾ ಔಷಧಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದವರಲ್ಲಿ ಸಾವು ಶೇ 27, ಪಡೆಯದವರಲ್ಲಿ ಶೇ 25, ಎಂದರೆ ಪ್ರಯೋಜನ ಕಾಣಲಿಲ್ಲ. ಆ ಮಾತ್ರೆಗಾಗಿ ಲೋಕವೇ ಮುಗಿಬಿದ್ದಿದ್ದ ಕಾಲದಲ್ಲಿ ಈ ಫಲಿತಾಂಶ ಮೊದಲನೆಯದರಷ್ಟೇ ಬೆಲೆಯುಳ್ಳದ್ದಾಗಿತ್ತು.

ಇಂಥ ಫಲಿತಾಂಶಗಳು ಪ್ರಕಟವಾಗದೆ ಕಪಾಟಿನಲ್ಲೇ ಉಳಿದರೆ, ಗೆದ್ದ ಪ್ರಯೋಗಗಳನ್ನಷ್ಟೇ ಓದುವ ವೈದ್ಯರು ಔಷಧಿಯನ್ನು ಅದರ ಯೋಗ್ಯತೆಗಿಂತ ಹೆಚ್ಚು ನಂಬುತ್ತಾರೆ, ಆ ಪ್ರಯೋಗಕ್ಕೆ ದೇಹವನ್ನು ಒಡ್ಡಿದ ರೋಗಿಗಳಿಗೂ ಮಾತು ತಪ್ಪಿದಂತಾಗುತ್ತದೆ. ಈ ಕಾರಣಕ್ಕೇ ಪ್ರಮುಖ ವೈದ್ಯಕೀಯ ಜರ್ನಲ್‌ಗಳು 2005ರಿಂದ, ರೋಗಿಗಳನ್ನು ಸೇರಿಸಿಕೊಳ್ಳುವ ಮೊದಲೇ ಸಾರ್ವಜನಿಕವಾಗಿ ನೋಂದಾಯಿಸಿದ ಪ್ರಯೋಗಗಳನ್ನು ಮಾತ್ರ ಪ್ರಕಟಣೆಗೆ ಪರಿಗಣಿಸುವ ನಿಯಮಕ್ಕೆ ಬಂದವು. ಒಂದು ವಿಶ್ವವಿದ್ಯಾಲಯ ನೋಂದಾಯಿಸಿದ ಪ್ರಯೋಗಗಳಲ್ಲಿ ಎಷ್ಟರ ಫಲಿತಾಂಶ ಹೊರಬಂದಿದೆ ಎಂದು ತನ್ನ ವರದಿಯಲ್ಲೇ ಹೇಳಿದ್ದರೆ, ಪ್ರಬಂಧಗಳ ಒಟ್ಟು ಸಂಖ್ಯೆಯನ್ನು ನೋಡುವ ಮೊದಲು ನಾನು ಆ ಪುಟವನ್ನು ತೆರೆಯುತ್ತೇನೆ.

ಪ್ರಶ್ನೆ: ಹಿಂತೆಗೆದುಕೊಂಡ ಪ್ರಬಂಧಗಳೂ ಲೆಕ್ಕದಲ್ಲಿ ಉಳಿಯುತ್ತವೆಯೇ?

ಉತ್ತರ: ಅವುಗಳ ಉಲ್ಲೇಖಗಳಂತೂ ಏರುತ್ತಲೇ ಇರುತ್ತವೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂದ, ಕೇವಲ 12 ಮಕ್ಕಳನ್ನು ಕುರಿತ ಪ್ರಬಂಧವನ್ನು 2010ರಲ್ಲಿ ಹಿಂತೆಗೆಯಲಾಯಿತು. ಅದನ್ನು ಖಂಡಿಸಲು ಹೆಸರಿಸಿದ ಬರಹಗಳೂ ಅದರ ಉಲ್ಲೇಖಗಳ ಲೆಕ್ಕಕ್ಕೇ ಸೇರಿದವು. ಯಾವುದೇ ಪ್ರಬಂಧವನ್ನು ನಂಬುವ ಮುನ್ನ ಜರ್ನಲ್‌ನ ಸ್ವಂತ ಜಾಲತಾಣದಲ್ಲಿರುವ ಪ್ರತಿಯನ್ನು ತೆರೆದು ನೋಡಿ. ಹಿಂತೆಗೆದಿದ್ದರೆ ಸಾಮಾನ್ಯವಾಗಿ ಶೀರ್ಷಿಕೆಯ ಬಳಿಯೇ ಅದನ್ನು ನಮೂದಿಸಿರುತ್ತಾರೆ. ಹಿಂದೆಂದೋ ಇಳಿಸಿಟ್ಟುಕೊಂಡ ಪಿಡಿಎಫ್‌ನಲ್ಲಿ ಆ ಗುರುತು ಇರುವುದಿಲ್ಲ.