ಪುಣೆಯಿಂದ ಜರ್ಮನಿಗೆ ಹೋದ ಮೇಲೆ ಮೊದಲು ಏನು ಮಾಡಬೇಕು?
ಕೆಲಸಕ್ಕೆ ಜರ್ಮನಿಗೆ ಹೊರಟಿದ್ದೀರಿ, ಅಲ್ಲಿ ಮೊದಲ ಕೆಲಸ ಏನು ಅಂತ ಕೇಳಿದ್ದೀರಿ. ವಿಳಾಸದ ನೋಂದಣಿ. ಅದಕ್ಕೆ 'ಆನ್‌ಮೆಲ್ಡುಂಗ್' ಅನ್ನುತ್ತಾರೆ. ಮನೆ ಸೇರಿದ 2 ವಾರದೊಳಗೆ ಮಾಡಿಸಲೇಬೇಕು. ಬಾಡಿಗೆ ಕರಾರು ಮಾತ್ರ ಸಾಲದು. ನೀವು ಅಲ್ಲಿ ವಾಸಕ್ಕೆ ಬಂದಿದ್ದೀರಿ ಅಂತ ಮನೆ ಮಾಲೀಕರು ಸಹಿ ಹಾಕಿದ ಪತ್ರವೂ ಬೇಕು. ಹಾಗಾಗಿ ಪುಣೆಯ ಕೊತ್ರೂಡಿನಲ್ಲಿ ಕೂತು ರೂಮ್ ಬುಕ್ ಮಾಡುವಾಗಲೇ 'ಈ ಪತ್ರ ಕೊಡ್ತೀರಾ?' ಅಂತ ಕೇಳಿಬಿಡಿ. ಇದನ್ನು ಮಾತ್ರ ಮರೆಯಬೇಡಿ. ತೆರಿಗೆ ಸಂಖ್ಯೆ ಆಮೇಲೆ ಅದೇ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತದೆ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ.

ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ತರಕಾರಿ ಶನಿವಾರವೇ ತಂದಿಡಿ.

ಇನ್ನು ಭಾಷೆ. ಪುಣೆಯ ಕನ್ನಡಿಗರಾದ ನಾವಿಲ್ಲಿ ಅಂಗಡಿಯಲ್ಲಿ ಮಾತಾಡುತ್ತಲೇ ಮರಾಠಿ ಕಲಿತೆವು, ಅಲ್ವಾ? ಆದರೂ ಜರ್ಮನ್ ಕಲಿಸುವ ಪುಣೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1, ಅಂದರೆ ಆ ಭಾಷೆಯ ಮೊದಲ ಹಂತ, ಮುಗಿಸಿಯೇ ವಿಮಾನ ಹತ್ತಿ.